ವೈನ್ ರುಚಿಗೆ ಬ್ಲ್ಯಾಕ್‌ಕರಂಟ್ ಯಾಕ್ರಿ, ಖಾನಾಪುರದ ನೇರಳೆ ಸಾಲದೇ?

ಬೆಳಗಾವಿಯಲ್ಲಿ ನಡೆದ ಒಂದು ವೈನ್ ಮೇಳಕ್ಕೆ ಸಾಂಬ್ರಾದಿಂದ ನಾವು ನಾಲ್ಕು ಮಂದಿ ಹೋಗಿದ್ದೆವು. ಮಳಿಗೆಯ ಹುಡುಗ ಗ್ಲಾಸಿನ ತಳಕ್ಕೆ ಎರಡು ಗುಟುಕು ಕೆಂಪು ವೈನ್ ಹಾಕಿ ಇಂಗ್ಲಿಷಿನಲ್ಲಿ ಶುರು ಮಾಡಿದ: ಇದರಲ್ಲಿ ಬ್ಲ್ಯಾಕ್‌ಕರಂಟ್ ಇದೆ, ಪ್ಲಮ್ ಇದೆ, ಓಕ್ ಇದೆ. ಜೊತೆಗಿದ್ದ ರೈತ ಗೆಳೆಯ ಕೇಳಿದ, "ದ್ರಾಕ್ಷಿ ಇಲ್ಲೇನ್ರಿ ಇದರಾಗ?" ಸುತ್ತ ನಿಂತವರು ನಕ್ಕರು. ಅವನು ಗ್ಲಾಸ್ ಇಟ್ಟು ಹೊರಗೆ ಬಂದುಬಿಟ್ಟ.

ಆ ನಗುವಿನ ಮೇಲೆ ನಮಗೆ ಇನ್ನೂ ಸಿಟ್ಟಿದೆ. ದ್ರಾಕ್ಷಿ ಬೆಳೆಯುವವರು ಯಾರು? ಅಥಣಿ, ವಿಜಯಪುರ, ಬಾಗಲಕೋಟೆ ಕಡೆಯ ನಮ್ಮಂಥವರೇ. ಬೆಳೆದವನಿಗೆ ರುಚಿ ಗೊತ್ತಿಲ್ಲ, ಬಾಟಲಿ ತೆರೆದವನಿಗೆ ಮಾತ್ರ ಗೊತ್ತು ಅನ್ನುವುದು ಯಾವ ನ್ಯಾಯ? ಬೆಲ್ಲದ ಚೂರು ಬಾಯಿಗಿಟ್ಟು ಪಾಕ ಹದ ತಪ್ಪಿದೆಯೋ ಇಲ್ಲವೋ ಹೇಳುವ, ಹಿಡಿ ಅಕ್ಕಿ ಮೂಸಿ ಹೊಸದೋ ಹಳೆಯದೋ ಹೇಳುವ ಜನ ನಮ್ಮೂರಲ್ಲಿದ್ದಾರೆ. ಅವರ ಮೂಗಿಗೂ ನಾಲಿಗೆಗೂ ಯಾವ ಕೋರ್ಸೂ ಬೇಕಾಗಿಲ್ಲ.

ಬ್ಲ್ಯಾಕ್‌ಕರಂಟ್ ಅನ್ನುವುದು ತಂಪು ದೇಶದ ಹಣ್ಣು. ನಮ್ಮಲ್ಲಿ ಬಹುತೇಕ ಯಾರೂ ಅದನ್ನು ತಿಂದಿಲ್ಲ. ಹೇಳುವ ಹುಡುಗನೂ ತಿಂದಿರಲಿಕ್ಕಿಲ್ಲ ಬಿಡಿ! ಆದರೆ ನೇರಳೆ ತಿಂದಿದ್ದೇವೆ. ತಿಂದ ಮೇಲೆ ನಾಲಿಗೆ ಒಣಗಿ ಹಿಡಿದಂತಾಗುತ್ತದಲ್ಲ, ಆ ಒಗರೇ ಕೆಂಪು ವೈನಿನ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಅದು ಬರುತ್ತದೆ. ಬಣ್ಣ ಬರುವುದೂ ಸಿಪ್ಪೆಯಿಂದಲೇ. ಬಿಳಿ ವೈನಿಗೆ ಸಿಪ್ಪೆ ತೆಗೆದು ಬರೀ ರಸ ಹುಳಿಸುತ್ತಾರೆ, ಅದಕ್ಕೇ ಅದರಲ್ಲಿ ಒಗರು ಕಡಿಮೆ. ಖಾನಾಪುರದ ಕಾಡಿನ ಕವಳಿ ಹಣ್ಣು ಕಚ್ಚಿದಾಗ ಬಾಯಲ್ಲಿ ನೀರೂರುತ್ತದಲ್ಲ, ವೈನಿನ ಹುಳಿ ಅಳೆಯುವುದೂ ಹಾಗೇ: ನುಂಗಿದ ಮೇಲೆ ಎಷ್ಟು ನೀರೂರಿತು ನೋಡಿ. ಶಿರಾಜ್ ಅನ್ನುವ ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ವಾಸನೆ ಸಿಗುತ್ತದೆ. ಸುವಿನ್ಯೋ ಬ್ಲಾಂಕ್ ಮೂಸಿದರೆ ಈಗಷ್ಟೇ ಕೊಯ್ದ ಹಸಿ ಹುಲ್ಲು, ಹಸಿ ದೊಣ್ಣೆಮೆಣಸಿನಕಾಯಿ. ಹುಲ್ಲು ಕೊಯ್ದವರಿಗೆ ಇದನ್ನು ಯಾರು ಕಲಿಸಬೇಕು?

ಉಳಿದದ್ದು ಸುಲಭ. ಗ್ಲಾಸ್ ಕಾಲು ಭಾಗ ಮಾತ್ರ ತುಂಬಿಸಿ. ಮೆಲ್ಲಗೆ ತಿರುಗಿಸಿದರೆ ವಾಸನೆ ಏಳುತ್ತದೆ, ಮೂಗು ಒಳಗಿಟ್ಟು ಮೂಸಿ. ಸಣ್ಣ ಗುಟುಕು ಬಾಯಲ್ಲಿ ಆಡಿಸಿ, ಬೇಕಿದ್ದರೆ ಉಗುಳಿಬಿಡಿ. ದೊಡ್ಡ ಪರಿಣತರೂ ಉಗುಳುತ್ತಾರೆ, ಅದಕ್ಕೇ ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ. ಬಾಯಲ್ಲಿ ನೀರಿನಂತೆ ತೆಳ್ಳಗಿದೆಯೋ, ಹಾಲಿನಂತೆ ಗಟ್ಟಿಯೋ? ರುಚಿ ಎಷ್ಟು ಹೊತ್ತು ನಿಂತಿತು? ಇಷ್ಟೇ. ಕೆಂಪು ವೈನನ್ನು ಹಾಗೇ ಕುಡಿಯಬೇಕು ಅನ್ನುವ ಮಾತು ತಂಪು ದೇಶದ ಕೋಣೆಗೆ ಸರಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದನ್ನೂ ಅರ್ಧ ತಾಸು ಫ್ರಿಜ್‌ನಲ್ಲಿಡಿ.

ಈಗ ಇನ್ನೊಂದು ಜಗಳ. ಇದನ್ನು ಬರೆಯುತ್ತೇವೆ ಎಂದಾಗ ನಮ್ಮ ಮನೆಯ ಹೆಂಗಸರೇ ಕೇಳಿದರು, "ಊರು ಕುಡಿದು ಹಾಳಾಗಿದ್ದು ಸಾಲಲಿಲ್ಲೇನು?" ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅದೇ ವರ್ಷ ವೈನ್ ನೀತಿ ತಂದಿತು. ಆಮೇಲಿಂದ "ವೈನ್ ಅಂದರೆ ಹಣ್ಣಿನ ರಸ, ಹೃದಯಕ್ಕೆ ಒಳ್ಳೆಯದು" ಎಂದು ಹೇಳಿ ಮಾರುವವರು ಬೇಕಾದಷ್ಟಿದ್ದಾರೆ. ಸುಳ್ಳು ಅದು. ವೈನಿನಲ್ಲಿ ಸಾಮಾನ್ಯವಾಗಿ ಶೇ. 12ರಿಂದ 14 ಮದ್ಯಸಾರ ಇರುತ್ತದೆ. 150 ಮಿ.ಲೀ. ವೈನ್ ಕುಡಿದರೆ ಸುಮಾರು 45 ಮಿ.ಲೀ. ವಿಸ್ಕಿ ಕುಡಿದಷ್ಟೇ. ಮದ್ಯ ಎಷ್ಟು ಕುಡಿದರೂ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ವೈನಿಗಾಗಿ ಶುರು ಮಾಡಬೇಕಿಲ್ಲ. ಬಿಡಲಾಗದೆ ಒದ್ದಾಡುತ್ತಿರುವವರು ಈ ಬರಹವನ್ನೇ ಮರೆತುಬಿಡಿ.

ಆದರೆ ಈಗಾಗಲೇ ಕುಡಿಯುವವನಿಗೆ ನಮ್ಮ ಮಾತಿದೆ. ಸಂಜೆ ಅಂಗಡಿ ಮುಂದೆ ನಿಂತು, ಮುಖ ಹಿಂಡಿ, ಒಂದೇ ಏಟಿಗೆ ಎತ್ತಿ, ಉಪ್ಪಿನಕಾಯಿ ನೆಕ್ಕುತ್ತೀಯಲ್ಲ ಅಣ್ಣಾ, ಅದು ನಿನಗೇ ರುಚಿಸುವುದಿಲ್ಲ. ರುಚಿಯೇ ಬೇಡದವನಿಗೆ ಸಾಕು ಅನ್ನುವುದು ಹೇಗೆ ಗೊತ್ತಾಗಬೇಕು? ಚೋರ್ಲಾ ಘಾಟಿನ ಆಚೆ ಗೋವಾದವರು ಗೇರುಹಣ್ಣಿನ ಮೊದಲ ಭಟ್ಟಿಗೆ ಉರಾಕ್, ಮತ್ತೆ ಭಟ್ಟಿ ಇಳಿಸಿದ್ದಕ್ಕೆ ಫೆನಿ ಅನ್ನುತ್ತಾರೆ. ಎರಡಕ್ಕೂ ಬೇರೆ ಹೆಸರು, ಬೇರೆ ರುಚಿ, ಅದರ ಮೇಲೆ ಮಾತು. ನಮ್ಮಲ್ಲಿ ಎಲ್ಲಕ್ಕೂ ಒಂದೇ ಹೆಸರು: 'ಎಣ್ಣಿ'.

ಹೊರಗೆ ಬಂದ ಆ ಗೆಳೆಯನಿಗೆ ಆಮೇಲೆ ನಾವು ಮನೆಯಲ್ಲಿ ಅದೇ ವೈನ್ ಕೊಟ್ಟೆವು. ಮೂಸಿದ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತ. "ನೇರಳೆ ಹಣ್ಣು ಮಳಿಗೆ ಒದ್ದಿ ಆದಂಗ ಐತಿ. ಚಲೋ ಐತಿ, ಆದ್ರ ನನಗ ಸಾಕು" ಅಂದು ಗ್ಲಾಸ್ ಇಟ್ಟ. ಮುಂದಿನ ಮೇಳ ಮಾಡುವವರು ಮಳಿಗೆಯಲ್ಲಿ ಒಂದು ತಟ್ಟೆ ನೇರಳೆ ಅಥವಾ ಕವಳಿ, ನಾಲ್ಕು ಕಾಳು ಮೆಣಸು ಇಡಲಿ, ಬಾಟಲಿ ಪಕ್ಕ ಕನ್ನಡದಲ್ಲಿ ಎರಡು ಸಾಲು ಬರೆದಿಡಲಿ. ಅವನನ್ನು ಮತ್ತೆ ಕರೆದುಕೊಂಡು ಬರುತ್ತೇವೆ.