ತಾರಸಿ ಮನೆಯೋ, ಕಾದ ಕಾವಲಿಯೋ?

ಮೊನ್ನೆ ಮದ್ದೂರಲ್ಲಿ ದೊಡ್ಡಪ್ಪನ ಹೊಸ ಮನೆಗೆ ಹೋಗಿದ್ದೆ. ರಾತ್ರಿ ಹನ್ನೊಂದಕ್ಕೆ ದೊಡ್ಡಪ್ಪ ಚಾಪೆ ಹಿಡಿದು ಜಗಲಿಗೆ ನಡೆದರು... ಹಗಲೆಲ್ಲ ಬಿಸಿಲು ಕುಡಿದ ಮೋಲ್ಡು ರಾತ್ರಿಯಿಡೀ ಅದನ್ನ ಒಳಗೆ ಕಕ್ಕುತ್ತೆ! ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಮಲಗೋಕಾಗಲ್ಲ.

ಮಳವಳ್ಳಿ ಅಜ್ಜಿಯ ತೊಟ್ಟಿಮನೆಗೆ ವಾಪಸ್ ಹೋಗಿ ಅಂತಿಲ್ಲ ಸ್ವಾಮಿ. ವರ್ಷವರ್ಷ ಹೆಂಚು ಕೈಯಾಡಿಸೋ ಕಷ್ಟ ನನಗೂ ಗೊತ್ತು. ಆದ್ರೆ 2018ರ ಇಕೋ ನಿವಾಸ್ ಸಂಹಿತೆ ಸೂರಿನಿಂದ ಇಳಿಯೋ ಶಾಖಕ್ಕೆ ಮಿತಿ ಹೇಳಿದೆ: ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್. ಬರೀ ಕಾಂಕ್ರೀಟು ಅದರ ಎರಡು ಪಟ್ಟು ಮೀರುತ್ತೆ. ತಾರಸಿ ಮೇಲೊಂದು ಶಾಖ ತಡೆಯೋ ಪದರ, ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ನೆರಳು... ಇಷ್ಟಾದ್ರೂ ಮಾಡಬಹುದಿತ್ತು.

ವಾಸ್ತು ನೋಡಿ ಬಾಗಿಲು ಕಿತ್ತಿಡೋ ನಾವು ಬಿಸಿಲು ನೋಡಿ ಯಾಕೆ ಕಟ್ಟಲ್ಲ? ಏನಂತೀರಿ?