ಮರಳಲ್ಲಿ ಬಿಡಾರ, ಟ್ಯಾಂಕಿನ ವಿಚಾರ

ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಕುವೈತಿನ ಮರುಭೂಮಿಯಲ್ಲಿ ಬಿಡಾರದ ಕಾಲ. ಕ್ಯಾರವಾನ್ ಬಾಡಿಗೆಗೆ ಹಿಡಿಯುವ ನಮ್ಮವರಿಗೊಂದು ಮಾತು. ಅದರಡಿ ಎರಡು ಟ್ಯಾಂಕ್: ಶೌಚದ್ದೊಂದು, ಸ್ನಾನ, ಪಾತ್ರೆ ತೊಳೆದ ನೀರಿನದೊಂದು. ಪೈಪನ್ನು ಗುಂಡಿಗೆ ಬಿಟ್ಟು ಶೌಚದ ಟ್ಯಾಂಕಿನ ವಾಲ್ವ್ ತೆರೆದೇ ಇಡುವವರಿದ್ದಾರೆ. ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲಿ ಗಾರೆಯಂತೆ ಕೂರುತ್ತದೆ. ಆಮೇಲೆ ಯಾವ ಔಷಧಿಗೂ ಜಗ್ಗದು. ವಾಲ್ವ್ ಮುಚ್ಚಿಡಿ, ಮುಕ್ಕಾಲು ತುಂಬಿದಾಗ ಕೊಳಚೆ ಟ್ಯಾಂಕರ್ ಕರೆಸಿ. ಮೊದಲು ಶೌಚದ್ದು, ನಂತರ ಸಾಬೂನು ನೀರು. ಪೈಪೂ ತೊಳೆದಂತಾಯಿತು. ಖಾಲಿ ಟ್ಯಾಂಕಿಗೆ ಎರಡು ಬಕೆಟ್ ನೀರು ಹಾಕಿಡಿ. ಬ್ಲೀಚ್ ಬೇಡವೇ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಾನಿಲ. ರಾತ್ರಿ ಮರಳಿಗೇ ಬಿಟ್ಟವರನ್ನೂ ಕಂಡಿದ್ದೇನೆ. ಬೆಳಿಗ್ಗೆ ಅಲ್ಲೇ ಮಕ್ಕಳು ಮರಳಿನ ಮನೆ ಕಟ್ಟುತ್ತಿದ್ದರು.