ಗಾಳಿಗೆ ತೆರುವ ವಿದ್ಯುತ್ ಶುಲ್ಕ

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಕಚ್ಚಾ ಸಾಮಗ್ರಿ ಒಂದು ಕಿಲೋ ಕಡಿಮೆಯಾದರೂ ಲೆಕ್ಕ ಕೇಳುವವರಿದ್ದಾರೆ. ಆದರೆ ಏರ್ ಲೈನಿನಿಂದ ಸೋರಿಹೋಗುವ ಗಾಳಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಗಾಳಿಯು ಪುಕ್ಕಟೆ ಎಂಬ ಭಾವನೆ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು. ಕಂಪ್ರೆಸರಿಗೆ ನೀಡಿದ ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಉಳಿದ ಅಲ್ಪಾಂಶವನ್ನೂ ನಾವು ಸೋರಲು ಬಿಟ್ಟಿದ್ದೇವೆ.

ಲೈನಿನಲ್ಲಿ ಒತ್ತಡ ಕುಸಿದಾಗ ನಾವು ಮೊದಲು ಮಾಡುವ ಕೆಲಸವೆಂದರೆ ಕಂಪ್ರೆಸರಿನ ಸೆಟ್ಟಿಂಗ್ ಏರಿಸುವುದು. ನಾನೂ ಹಾಗೆ ಮಾಡಿದವನೇ. 7 ಬಾರ್ ಇದ್ದುದನ್ನು 8ಕ್ಕೆ ಏರಿಸಿ ನೆಮ್ಮದಿಯಿಂದಿದ್ದೆ. ಒಂದು ಬಾರ್ ಹೆಚ್ಚಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ. 6-7ರಷ್ಟು ಏರುತ್ತದೆ, ಅದೇ ರಂಧ್ರದಿಂದ ಸೋರುವ ಗಾಳಿಯ ಪ್ರಮಾಣವೂ ಹೆಚ್ಚುತ್ತದೆ. ಎರಡು ತಿಂಗಳೊಳಗೆ ಕೊನೆಯ ಯಂತ್ರದ ಚಕ್ ಪುನಃ ಬಿಗಿ ತಪ್ಪತೊಡಗಿತು. ಮಾರಾಟ ಪ್ರತಿನಿಧಿಯೊಬ್ಬರು ಗೇಜನ್ನು ನೋಡುವ ಮೊದಲೇ ದೊಡ್ಡ ಕಂಪ್ರೆಸರಿನ ಕೊಟೇಶನ್ ಮುಂದಿಟ್ಟರು.

ಹಣ ಹೂಡುವ ಮುನ್ನ ಒಂದು ಭಾನುವಾರ ಫಿಟ್ಟರನ್ನು ಕರೆಸಿ, ಯಂತ್ರಗಳೆಲ್ಲವನ್ನೂ ನಿಲ್ಲಿಸಿ, ಕಂಪ್ರೆಸರನ್ನು ಮಾತ್ರ ಚಾಲನೆಯಲ್ಲಿಟ್ಟೆ. ಗಾಳಿ ಬಳಸುವವರಿಲ್ಲದಾಗ ಅದು ಒಮ್ಮೆ ಟ್ಯಾಂಕ್ ತುಂಬಿಸಿ ಸುಮ್ಮನಿರಬೇಕು. ನಮ್ಮದು 2 ನಿಮಿಷ ಓಡಿ, 6 ನಿಮಿಷ ನಿಂತು, ಮತ್ತೆ ಓಡುತ್ತಿತ್ತು. 8 ನಿಮಿಷಗಳಲ್ಲಿ 2, ಅಂದರೆ ಸಾಮರ್ಥ್ಯದ ಶೇ. 25ರಷ್ಟು ಸೋರಿಕೆಗೇ ಮೀಸಲು! ನಿರ್ವಹಣೆ ಸಡಿಲವಾದ ಘಟಕಗಳಲ್ಲಿ ಇಷ್ಟು ಸೋರಿಕೆ ಅಪರೂಪವೇನಲ್ಲ.

ಬಳಿಕ ಕಂಪ್ರೆಸರನ್ನೂ ನಿಲ್ಲಿಸಿ ಟ್ಯಾಂಕಿನ ಮುಖ್ಯ ವಾಲ್ವ್ ಮುಚ್ಚಿದೆವು. ಗೇಜಿನ ಮುಳ್ಳು ಕದಲಲಿಲ್ಲ, ಟ್ಯಾಂಕ್ ನಿರ್ದೋಷಿಯೆಂದಾಯಿತು. ಮುಖ್ಯ ವಾಲ್ವ್ ತೆರೆದು, ಲೈನಿನ ಶಾಖೆಗಳನ್ನು ಒಂದೊಂದಾಗಿ ಬಿಡುತ್ತ ಹೋದಾಗ ಮುಳ್ಳು ಎಲ್ಲಿ ಇಳಿಯಿತೋ ಅಲ್ಲಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದೆವು. ಹೋಸ್ ಕ್ಲ್ಯಾಂಪುಗಳು, ಸವೆದ ಕಪ್ಲರ್‌ಗಳು, ಸರಿಯಾಗಿ ಮುಚ್ಚದ ಡ್ರೈನ್ ವಾಲ್ವ್, ಎಲ್ಲೆಡೆಯೂ ಗುಳ್ಳೆ. ಎಂದೋ ಮಾರಿಬಿಟ್ಟ ಯಂತ್ರವೊಂದರ ಲೈನಿನಲ್ಲಿ ಇನ್ನೂ ಗಾಳಿ ಹರಿಯುತ್ತಿದ್ದುದನ್ನು ಕಂಡಾಗ ನನಗೇ ನಾಚಿಕೆಯಾಯಿತು.

ಇವನ್ನೆಲ್ಲ ಸರಿಪಡಿಸಿದ ಮೇಲೂ ಕೊನೆಯ ಯಂತ್ರದ ತೊಂದರೆ ಪೂರ್ತಿ ನೀಗಲಿಲ್ಲ. ಇಲ್ಲಿಯೇ ಅನೇಕರು ಎಡವುತ್ತಾರೆ. ಯಂತ್ರಗಳು ನಿಂತಾಗ ಟ್ಯಾಂಕಿನಷ್ಟೇ ಒತ್ತಡ ತೋರಿಸುವ ಕೊನೆಯ ಗೇಜು, ಕೆಲಸ ಆರಂಭವಾದೊಡನೆ ಕುಸಿಯುವುದಾದರೆ ಅದಕ್ಕೆ ಕಾರಣ ಸೋರಿಕೆಯಲ್ಲ, ಅಡಚಣೆ. ಸಣ್ಣ ಅಳತೆಯ ಪೈಪು ಇರಬಹುದು, ಕಟ್ಟಿಕೊಂಡ ಫಿಲ್ಟರ್ ಇರಬಹುದು. ನಮ್ಮಲ್ಲಿ ಫಿಲ್ಟರು ಪೈಪಿನ ತುಕ್ಕಿನಿಂದ ಕಟ್ಟಿಹೋಗಿತ್ತು. ಅದನ್ನು ಬದಲಿಸಿದ ಮೇಲೆ ಸೆಟ್ಟಿಂಗನ್ನು 7 ಬಾರಿಗಿಂತಲೂ ಕೆಳಗಿಳಿಸಲು ಸಾಧ್ಯವಾಯಿತು. ದೊಡ್ಡ ಕಂಪ್ರೆಸರನ್ನು ಕೊಳ್ಳಲಿಲ್ಲ.

7 ಬಾರ್ ಒತ್ತಡದಲ್ಲಿ 3 ಮಿ.ಮೀ. ರಂಧ್ರವೊಂದು ಸುಮಾರು 3ರಿಂದ 4 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತದೆ. ಮೂರೇ ಎಂದು ಹಿಡಿದರೂ, ದಿನಕ್ಕೆ 8 ಗಂಟೆಯಂತೆ 300 ದಿನಗಳಿಗೆ 7,200 ಯೂನಿಟ್. ವಿದ್ಯುತ್ ದರ ಏರಿಕೆಯನ್ನು ವಿರೋಧಿಸಿ ಮನವಿ ಸಲ್ಲಿಸುವುದು ನ್ಯಾಯವೇ. ಆದರೆ ಇದರ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಲಾಗದು.

ಗದ್ದಲದ ನಡುವೆಯೂ ಸೋರಿಕೆಯನ್ನು ಗುರುತಿಸುವ ಅಲ್ಟ್ರಾಸಾನಿಕ್ ಉಪಕರಣಗಳು ಲಭ್ಯವಿವೆ. ಒಂದು ಸಣ್ಣ ಘಟಕ ವರ್ಷಕ್ಕೆರಡು ಬಾರಿಯ ಉಪಯೋಗಕ್ಕಾಗಿ ಅದನ್ನು ಕೊಳ್ಳುವುದು ಕಷ್ಟ. ನಮ್ಮ ಸಂಸ್ಥೆಯೇ ಒಂದನ್ನು ಖರೀದಿಸಿ, ಬಳಸಬಲ್ಲ ತಂತ್ರಜ್ಞನೊಬ್ಬನೊಡನೆ ಸದಸ್ಯರಿಗೆ ದಿನಬಾಡಿಗೆಗೆ ಒದಗಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಅಲ್ಲಿಯವರೆಗೆ ಸದಸ್ಯರು ಮುಂದಿನ ರಜಾದಿನ ಒಂದು ಗಡಿಯಾರ ಹಾಗೂ ಒಂದು ಬಕೆಟ್ ಸೋಪಿನ ನೀರಿನೊಂದಿಗೆ ತಮ್ಮ ಶೆಡ್ಡನ್ನೊಮ್ಮೆ ಸುತ್ತಿಬರಲಿ.